ನೀರಿಳಿಯದ ಗಂಟಲು

ಅವಳನ್ನು ಎಲ್ಲರೂ ಹಲ್ಲಿ ಎಂದೇ ಕರೆಯುತ್ತಿದ್ದರು. ಕರೆಯುವವರಿಗೆ ಅದರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ; ಕರೆಸಿಕೊಳ್ಳುವವಳಿಗೂ ಬೇಸರವಿರಲಿಲ್ಲ. ಕಡ್ಡಿಯಂಥ ಮೈ, ಉದ್ದನೆಯ ಕೈಕಾಲು. ದೊಡ್ಡ ಕಟ್ಟಡಗಳ ತಾರಸಿಯ ಮೇಲಿರುವ ನೀರಿನ ಟ್ಯಾಂಕಿಗಳ ಬಾಯಿ ಎಷ್ಟೇ ಕಿರಿದಾಗಿರಲಿ, ಭುಜ ಓರೆ ಮಾಡಿ, ಉಸಿರು ಬಿಗಿಹಿಡಿದು ಸರಕ್ಕನೆ ಒಳಗಿಳಿದುಬಿಡುತ್ತಿದ್ದಳು. ಇಳಿದು ಗೋಡೆಗೆ ಅಂಟಿಕೊಂಡು ಉಜ್ಜತೊಡಗಿದರೆ ಮೇಲಿನಿಂದ ಬಗ್ಗಿ ನೋಡಿದವರಿಗೆ ಹಲ್ಲಿಯಲ್ಲದೆ ಬೇರೇನೂ ನೆನಪಾಗುವಂತಿರಲಿಲ್ಲ. ಟ್ಯಾಂಕಿ ತೊಳೆಯುವುದು ಅವಳ ಕಸುಬು. ಗಂಡನದೂ ಅದೇ. ಆದರೆ ಗಂಡನ ಹೊಟ್ಟೆ ಯಾವ ಟ್ಯಾಂಕಿಯ ಬಾಯಿಯಲ್ಲೂ ಹಿಡಿಸುವಂಥದ್ದಲ್ಲ. ಹಾಗಾಗಿ ಅವನು ಮೇಲೆ ನಿಂತು ಪಂಪು ನಡೆಸಬೇಕು, ಬಕೆಟ್ಟು ಎಳೆಯಬೇಕು, ಹಗ್ಗ ಹಿಡಿಯಬೇಕು; ಅವಳು ಒಳಗಿಳಿಯಬೇಕು. ಮದುವೆಯಾದಾಗಿನಿಂದ ಹೀಗೆಯೇ ನಡೆದುಬಂದಿತ್ತು.

ಒಳಗೇನಿರುತ್ತದೆ ಎಂದು ಯಾರಾದರೂ ಕೇಳಿದರೆ ಅವಳು ಬಾಯಿ ಬಿಡುತ್ತಿರಲಿಲ್ಲ. ಪಾಪ, ಕೇಳಿದವರು ಆಮೇಲೆ ಊಟ ಮಾಡಬೇಕಲ್ಲ. ಹೊರಗಿನಿಂದ ನೋಡಿದರೆ ಸುಣ್ಣ ಬಳಿದ ಚೊಕ್ಕ ಡಬ್ಬಿ. ಇಳಿದರೆ ಗೋಡೆಗೆಲ್ಲ ಸಿಂಬಳದಂಥ ಲೋಳೆ. ಕೈಯಿಟ್ಟರೆ ಜಾರುತ್ತದೆ, ಕೆರೆದರೆ ಪದರಪದರವಾಗಿ ಕಿತ್ತು ಬರುತ್ತದೆ. ತಳದಲ್ಲಿ ಪಾದ ಮುಳುಗುವಷ್ಟು ಕಂದು ಕೆಸರು. ಅದರೊಳಗೆ ದಾರದೆಳೆಯಂಥ ಕೆಂಪು ಹುಳುಗಳು ಮೈ ಕುಣಿಸುತ್ತಿರುತ್ತವೆ. ಜಿರಲೆಯ ರೆಕ್ಕೆ, ಯಾರದೋ ತಲೆಯ ಕ್ಲಿಪ್ಪು, ಮಗುವಿನ ಒಂಟಿ ಕಾಲುಚೀಲ. ಒಮ್ಮೆ ಮೇಲುಸಾಲಿನ ಕಟ್ಟಿಸಿದ ಹಲ್ಲುಗಳು ಸಿಕ್ಕಿದ್ದವು. ಗಂಡ ಅದನ್ನು ಕಾಗದದಲ್ಲಿ ಹಿಡಿದು ಮನೆಮನೆಯ ಬಾಗಿಲು ತಟ್ಟಿದ್ದ. ತಮ್ಮದು ಎಂದು ಯಾರೂ ಒಪ್ಪಿಕೊಳ್ಳಲಿಲ್ಲ. ಒಬ್ಬ ಹಿರಿಯರು ಮಾತ್ರ ಬಾಯಿ ತೆರೆಯದೆಯೇ ಅಲ್ಲವೆಂದು ತಲೆಯಾಡಿಸಿ ಒಳಗೆ ಹೋಗಿ ಚಿಲಕ ಹಾಕಿಕೊಂಡಿದ್ದರು.

ಮೊದಲೆಲ್ಲ ಅವಳು ಇದನ್ನು ಕೆಲಸ ಎಂದುಕೊಂಡಿದ್ದಳೇ ಹೊರತು ಹೇಸಿಗೆ ಎಂದುಕೊಂಡಿರಲಿಲ್ಲ. ಕೈ ತೊಳೆದುಕೊಂಡು ಊಟಕ್ಕೆ ಕೂತರೆ ತಟ್ಟೆ ಖಾಲಿಯಾಗುವವರೆಗೂ ಏಳುತ್ತಿರಲಿಲ್ಲ. ಕೆಟ್ಟದ್ದು ಪಾರಿವಾಳದ ದೆಸೆಯಿಂದ.

ಒಂದು ಕಟ್ಟಡದ ಟ್ಯಾಂಕಿಯ ಮುಚ್ಚಳ ಎಂದೋ ಒಡೆದುಹೋಗಿ, ಅದರ ಜಾಗಕ್ಕೆ ಯಾರೋ ಹಳೆಯ ಹಲಗೆಯೊಂದನ್ನು ಓರೆಯಾಗಿ ಇಟ್ಟಿದ್ದರು. ಹಲಗೆ ಸರಿಸಿದ ಕೂಡಲೇ ವಾಸನೆ ಮುಖಕ್ಕೆ ಬಡಿಯಿತು. ಇಳಿದು ನೋಡಿದರೆ ಒಂದು ಪಾರಿವಾಳವಲ್ಲ, ಒಂದು ಸಂಸಾರವೇ ಇತ್ತು. ಪಾರಿವಾಳ ಎನ್ನಲು ಗುರುತಿಗೆ ಉಳಿದದ್ದು ಕೊಕ್ಕು, ಕಾಲು, ಒಂದಿಷ್ಟು ಪುಕ್ಕ. ಎರಡೂ ಕೈಯಲ್ಲಿ ಎತ್ತಿಕೊಂಡರೆ ಬೆರಳ ಸಂದಿನಲ್ಲಿ ಸೋರಿ ಮತ್ತೆ ನೀರಿಗೇ ಬೀಳುತ್ತಿತ್ತು. ಅಂತೂ ಬಳಿದು ಬಕೆಟ್ಟಿಗೆ ತುಂಬಿ ಮೇಲೆ ಬಂದಳು. ಅಷ್ಟರಲ್ಲಿ ಮೇಲಂತಸ್ತಿನ ಮನೆಯಾಕೆ ಟೀ ಹಿಡಿದು ತಾರಸಿಗೆ ಬಂದಿದ್ದರು. ಒಳ್ಳೆಯ ಹೆಂಗಸು.

"ದಣಿದು ಹೋಗಿದ್ದೀಯಮ್ಮ, ಮೊದಲು ಇದು ಕುಡಿ" ಎಂದರು.

ಹಲ್ಲಿ ದೊಡ್ಡದಾಗಿಯೇ ಒಂದು ಗುಟುಕು ಎಳೆದಳು.

"ಹೆಂಗಿದೆ? ನಮ್ಮ ಮನೆಗೆ ಬಂದವರೆಲ್ಲ ಟೀ ಹೊಗಳ್ತಾರೆ. ನಾನೇನೂ ವಿಶೇಷ ಹಾಕಲ್ಲಪ್ಪ. ನಮ್ಮ ಬಿಲ್ಡಿಂಗ್ ನೀರೇ ಅಷ್ಟು ಸಿಹಿ."

ಗುಟುಕು ಇನ್ನೂ ಬಾಯಲ್ಲೇ ಇತ್ತು. ಕಾಲ ಬಳಿ ಬಕೆಟ್ಟಿತ್ತು. ಉಗುಳೋಣವೆಂದರೆ ಆಕೆ ಎದುರಿಗೇ ನಗುತ್ತ ನಿಂತಿದ್ದಾರೆ. ನುಂಗೋಣವೆಂದರೆ ಗಂಟಲು ಬಾಗಿಲು ಹಾಕಿಕೊಂಡಿದೆ. ಕೆನ್ನೆ ಉಬ್ಬಿಸಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಅವಳು ಅದನ್ನು ನುಂಗಿದಳು. ನುಂಗಿದ್ದು ಹೊಟ್ಟೆಯವರೆಗೂ ಇಳಿಯುವುದು ಅವಳಿಗೆ ಗೊತ್ತಾಯಿತು, ಕೊಕ್ಕು ಕಾಲು ಪುಕ್ಕಗಳ ಸಮೇತ. ಆಕೆ ಅತ್ತ ಹೋದದ್ದೇ ತಡ, ಮೂಲೆಗೆ ಓಡಿ ವಾಂತಿ ಮಾಡಿಕೊಂಡಳು.

ಅವತ್ತಿನಿಂದ ಅವಳಿಗೆ ನೀರು ಇಳಿಯದಾಯಿತು.

ಮೊದಮೊದಲು ಬರೀ ಅನುಮಾನ. ಲೋಟ ಎತ್ತಿ ಬೆಳಕಿಗೆ ಹಿಡಿಯುವಳು. ಒಳಗೆ ಧೂಳಿನ ಕಣವೊಂದು ತೇಲಿದರೂ ಅದಕ್ಕೆ ಕೈಕಾಲು ಮೂಡಿದಂತೆ ಕಾಣುವುದು. ಸೋಸಿದಳು. ಕಾಯಿಸಿದಳು. ಕಾಯಿಸಿ ಸೋಸಿ ಮತ್ತೆ ಕಾಯಿಸಿದಳು. ಬೇರೆಯವರ ಮನೆಯಲ್ಲಿ ನೀರು ಕೊಟ್ಟರೆ ಲೋಟ ಹಿಡಿದು ಮಾತಾಡುತ್ತ ಕೂತು, ಏಳುವಾಗ ಗಿಡದ ಕುಂಡಕ್ಕೆ ಸುರಿಯುವಳು. "ಅದೇನು ಮಹಾ, ನೀರು ಕುಡಿದಷ್ಟು ಸುಲಭ" ಎಂದು ಯಾರಾದರೂ ಅಂದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಗುಟುಕು ನೀರಿಗೆ ತಾನು ಪಡುವ ಪಾಡು ಇವರಿಗೇನು ಗೊತ್ತು!

ಮನೆಯಲ್ಲಿ ಅವಳ ಜೊತೆ ಮಾತಿಗೆ ಸಿಗುತ್ತಿದ್ದವಳು ನಾದಿನಿ. ಗಂಡನ ತಂಗಿ, ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಮ್ಮ. ಪಕ್ಕದ ಕೋಣೆಯಲ್ಲೇ ವಾಸ, ಅಡುಗೆ ಒಟ್ಟಿಗೆ. ಏನನ್ನಾದರೂ ವಿವರಿಸತೊಡಗಿದರೆ ಎದುರಿಗಿರುವುದು ಅತ್ತಿಗೆಯೋ ಎಂಟನೆಯ ತರಗತಿಯೋ ಎಂಬುದು ಅವಳಿಗೆ ಮರೆತುಹೋಗುತ್ತಿತ್ತು.

"ಅತ್ತಿಗೆ, ನೀರು ಅಂದ್ರೆ ಏನು ಹೇಳಿ? ಆಮ್ಲಜನಕದ ಒಂದು ಪರಮಾಣು, ಜಲಜನಕದ ಎರಡು ಪುಟಾಣಿಗಳು. ದೊಡ್ಡ ತಲೆಗೆ ಎರಡು ಕಿವಿ ಅಂಟಿಸಿದ ಹಾಗೆ. ಆ ತಲೆ ಇದೆಯಲ್ಲ, ಅದು ಕಿವಿಗಳ ಕಡೆಯ ಎಲೆಕ್ಟ್ರಾನನ್ನೂ ತನ್ನ ಕಡೆಗೇ ಎಳ್ಕೊಂಡಿರುತ್ತೆ. ಅದಕ್ಕೇ ಒಂದು ನೀರಿನ ತಲೆ ಇನ್ನೊಂದರ ಕಿವಿ ಹಿಡ್ಕೊಳ್ಳುತ್ತೆ. ಒಂದಕ್ಕೊಂದು ಅಂಟ್ಕೊಂಡೇ ಇರುತ್ವೆ. ಹನಿ ಗುಂಡಗಿರೋದು ಅದಕ್ಕೇ."

"ಅಂಟ್ಕೊಳ್ಳುತ್ತೆ ಅನ್ನು."

"ತಮ್ಮತಮ್ಮಲ್ಲಿ ಮಾತ್ರ ಅಲ್ಲ. ಉಪ್ಪು ಸಿಕ್ರೆ ಉಪ್ಪು, ಸಕ್ಕರೆ ಸಿಕ್ರೆ ಸಕ್ಕರೆ. ಒಂದೊಂದೇ ಕಣ ಕಿತ್ಕೊಂಡು ಸುತ್ತ ಮುತ್ಕೊಂಡು ತನ್ನೊಳಗೆ ಸೇರಿಸ್ಕೊಳ್ಳುತ್ತೆ. ನೀರಿನಷ್ಟು ಪದಾರ್ಥಗಳನ್ನ ಕರಗಿಸೋದು ಇನ್ನೊಂದಿಲ್ಲ ಅತ್ತಿಗೆ. ಅದು ಯಾರನ್ನೂ ಬೇಡ ಅನ್ನಲ್ಲ."

"ಪಾರಿವಾಳಾನೂ?"

ಸುಳ್ಳು ಹೇಳುವ ಅಭ್ಯಾಸ ನಾದಿನಿಗಿರಲಿಲ್ಲ. "ಪಾರಿವಾಳಾನೂ... ಸ್ವಲ್ಪ ಮಟ್ಟಿಗೆ."

ಹಲ್ಲಿ ಎದ್ದು ಹೋದಳು.

ಇನ್ನೊಂದು ದಿನ, ಧೈರ್ಯ ತುಂಬೋಣವೆಂದು ನಾದಿನಿ ಬೇರೆ ದಾರಿ ಹಿಡಿದಳು. ಭೂಮಿಯ ಮೇಲೆ ಹೊಸ ನೀರೆಂಬುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಇರುವುದೇ ಸುತ್ತುತ್ತಿರುತ್ತದೆ, ಸಮುದ್ರದಿಂದ ಮೋಡಕ್ಕೆ, ಮೋಡದಿಂದ ಮಣ್ಣಿಗೆ, ಮಣ್ಣಿನಿಂದ ಬೇರಿಗೆ, ಬೇರಿನಿಂದ ಎಲೆಗೆ, ಎಲೆಯಿಂದ ದನದ ಹೊಟ್ಟೆಗೆ. "ಈ ಲೋಟದಲ್ಲಿರೋದು ಎಷ್ಟು ಪ್ರಾಣಿಗಳ ಮೈಯೊಳಗೆ ಓಡಾಡಿ ಬಂದಿದೆಯೋ! ಎಷ್ಟು ಮಜಾ ಅಲ್ವಾ ಅತ್ತಿಗೆ? ನೀವು ಸುಮ್ನೆ ಒಂದು ಪಾರಿವಾಳದ ಬಗ್ಗೆ ತಲೆ ಕೆಡಿಸ್ಕೊಂಡಿದ್ದೀರ."

"ಮೈಯೊಳಗೆ ಹೋಗಿ? ಹೊರಗೆ ಹೆಂಗೆ ಬಂತು?"

"ಹೆಂಗೆ ಅಂದ್ರೆ... ಬೆವರು, ಉಸಿರು, ಮತ್ತೆ..."

"ಸಾಕು ಬಿಡು ತಾಯಿ."

ಗಂಡನಿಗೆ ತಡೆಯಲಾಗಲಿಲ್ಲ. "ಪುಟ್ಟಿ, ನೀನು ಪಾಠ ಮಾಡೋದಿದ್ರೆ ಸ್ಕೂಲಲ್ಲಿ ಮಾಡ್ಕೋ. ಇಷ್ಟು ದಿನ ಒಂದು ಲೋಟ ಕುಡೀತಿದ್ಲು. ನಿನ್ನ ದಯೆಯಿಂದ ಅದಕ್ಕೂ ಕಲ್ಲು ಬಿತ್ತು" ಎಂದು ತಂಗಿಯನ್ನು ಗದರಿದ.

ಆದರೆ ಆ ಪಾಠಗಳಿಂದ ಹಲ್ಲಿಯ ತಲೆಯಲ್ಲಿ ಒಂದು ಮಾತು ಉಳಿದಿತ್ತು. ನೀರನ್ನು ಆವಿ ಮಾಡಿ ಮತ್ತೆ ತಣಿಸಿದರೆ ಕೊಳೆಯೆಲ್ಲ ಹಿಂದೆ ಉಳಿದು, ಬರೀ ನೀರು ಸಿಗುತ್ತದೆ ಎಂದು ನಾದಿನಿ ಯಾವಾಗಲೋ ಹೇಳಿದ್ದಳು. ಅಂಥ ನೀರು ಎಲ್ಲಿ ಸಿಗುತ್ತದೆಂದು ವಿಚಾರಿಸಿದಾಗ ಬ್ಯಾಟರಿ ಅಂಗಡಿಯಲ್ಲಿ ಎಂದು ತಿಳಿಯಿತು. ಕಾರಿನ ಬ್ಯಾಟರಿಗೆ ಹಾಕುವ ನೀರು. ಅವಳು ಒಂದು ಕ್ಯಾನು ತಂದು ಮಂಚದ ಕೆಳಗೆ ಬಚ್ಚಿಟ್ಟಳು.

ಅದಕ್ಕೆ ರುಚಿಯೇ ಇರಲಿಲ್ಲ. ಗಾಜು ನೆಕ್ಕಿದ ಹಾಗಿತ್ತು. ನಾಲಿಗೆ ಅದನ್ನು ಆಚೆ ಈಚೆ ಹೊರಳಿಸಿ, ಇದೇನು ಎಂದು ಗೊತ್ತಾಗದೆ ಗಂಟಲಿಗೆ ತಳ್ಳುತ್ತಿತ್ತು. ಆದರೂ ಹಲ್ಲಿಗೆ ಸಮಾಧಾನ. ಒಳಗೇನೂ ಇಲ್ಲ, ಯಾರೂ ಇಲ್ಲ. ಕೆಲವು ದಿನ ಮುಚ್ಚಳದಲ್ಲಿ ಅಳೆದು ಅಳೆದು ಕುಡಿದಳು. ಕಸ ಗುಡಿಸುವಾಗ ಕ್ಯಾನು ನಾದಿನಿಯ ಕಣ್ಣಿಗೆ ಬಿತ್ತು.

"ಅತ್ತಿಗೆ! ಇದರ ಮೇಲೆ ಏನು ಬರೆದಿದೆ ಓದಿದ್ರಾ? ‘ಕುಡಿಯಲು ಅಲ್ಲ’ ಅಂತ ಇಷ್ಟು ದೊಡ್ಡದಾಗಿದೆ."

"ಆವಿ ಮಾಡಿದ ನೀರು ಚೊಕ್ಕ ಅಂತ ನೀನೇ ಹೇಳಿದ್ದೆ."

"ನೀರು ಚೊಕ್ಕ, ಸರಿ. ಕ್ಯಾನು ಯಾರು ತೊಳೆದ್ರು?"

ಅಷ್ಟೇ ಮಾತು. ಹಲ್ಲಿ ಕ್ಯಾನನ್ನು ಎತ್ತಿ ಅದರ ಹಿಡಿಯ ಸಂದಿಯಲ್ಲಿ ಕುಳಿತಿದ್ದ ಕಪ್ಪು ಜಿಡ್ಡನ್ನು ನೋಡಿದಳು. ಅಂಗಡಿಯವನ ಗ್ರೀಸು ಮೆತ್ತಿದ ಬೆರಳುಗಳು ಕಣ್ಣ ಮುಂದೆ ಬಂದವು. ಬಚ್ಚಲಿಗೆ ಹೋಗಿ ಪೂರ್ತಿ ಸುರಿದು ಬಂದಳು. ಜಗತ್ತಿನಲ್ಲಿ ಅವಳು ನಂಬಿದ್ದ ಕೊನೆಯ ನೀರೂ ಹೀಗೆ ಬಚ್ಚಲು ಸೇರಿತು.

ಆಮೇಲೆ ದಿನಕ್ಕೆ ಒಂದಿಷ್ಟು ಸಾರು, ಅಪರೂಪಕ್ಕೆ ಒಂದು ಕಿತ್ತಳೆ ಹಣ್ಣು. ಹಣ್ಣಿನ ನೀರು ಗಿಡ ಸೋಸಿದ್ದು, ಅದಕ್ಕೆ ಪರವಾಗಿಲ್ಲ ಎಂಬುದು ಅವಳ ಲೆಕ್ಕಾಚಾರ. ತುಟಿ ಬಿರಿಯಿತು. ಬಾಯಿಂದ ಹಳಸಿದ ವಾಸನೆ ಬರತೊಡಗಿತು. ಗಂಡ ಮಾತಾಡುವಾಗ ಮುಖ ಸ್ವಲ್ಪ ಅತ್ತ ತಿರುಗಿಸುತ್ತಿದ್ದುದನ್ನು ಅವಳು ಗಮನಿಸಿದ್ದಳು. ಉಚ್ಚೆ ಕಷಾಯದ ಬಣ್ಣಕ್ಕೆ ತಿರುಗಿ, ಉರಿಯುತ್ತ ತೊಟ್ಟಿಕ್ಕುತ್ತಿತ್ತು. ಸೊಂಟದ ಪಕ್ಕದಲ್ಲಿ ಯಾರೋ ಒಳಗಿನಿಂದ ಚಿವುಟಿದಂತೆ ನೋವು. ಕೆಲಸದ ದೆಸೆಯಿಂದ ಎಂದುಕೊಂಡು ಯಾರಿಗೂ ಹೇಳಲಿಲ್ಲ. ಹೇಳಿದರೆ ಇವರು ಮಾಡುವುದೇನು, ನೀರು ಕುಡಿ ಎನ್ನುತ್ತಾರೆ.

ಬಿಸಿಲು ಏರಿದ ಕಾಲದಲ್ಲಿ ಒಂದು ಹಾಸ್ಟೆಲಿನ ಟ್ಯಾಂಕಿ ತೊಳೆಯಲು ಕರೆ ಬಂತು. ಸಿಮೆಂಟಿನ ದೊಡ್ಡ ಟ್ಯಾಂಕಿ. ಮಧ್ಯಾಹ್ನದ ಹೊತ್ತು ತಾರಸಿಯ ಮೇಲೆ ಬರಿಗಾಲಿಡುವಂತಿರಲಿಲ್ಲ. ಒಳಗೆ ಗಾಳಿಯಾಡಲೆಂದು ಮುಚ್ಚಳ ತೆಗೆದಿಟ್ಟು, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಹಲ್ಲಿ ಇಳಿದಳು. ಪಂಪು ಎಳೆದು ಮಿಕ್ಕ ನೀರು ಕಣಕಾಲಿನವರೆಗೆ ನಿಂತಿತ್ತು. ಅಲ್ಲಿ ಹಬೆಯಲ್ಲಿ ಬೇಯಿಸಿದಂಥ ಸೆಕೆ. ಗೋಡೆ ಉಜ್ಜುತ್ತ ಉಜ್ಜುತ್ತ ಅವಳಿಗೆ ಒಂದು ವಿಚಿತ್ರ ಕಂಡಿತು: ಮೈ ಒಣಗಿತ್ತು. ಸಾಮಾನ್ಯವಾಗಿ ಇಷ್ಟು ಹೊತ್ತಿಗೆ ಬೆವರು ಕಣ್ಣಿಗಿಳಿದು ಉರಿಯಬೇಕು. ಇವತ್ತು ಹಣೆ ಮುಟ್ಟಿದರೆ ಬಿಸಿಲಿಗಿಟ್ಟ ತಗಡಿನ ಹಾಗೆ ಸುಡುತ್ತಿತ್ತು. ಮೀನಖಂಡ ಹಿಡಿದುಕೊಂಡಿತು. ಮೇಲೆ ಬೆಳಕಿನ ಬಿಲ್ಲೆಯಂತೆ ಕಾಣುತ್ತಿದ್ದ ಟ್ಯಾಂಕಿಯ ಬಾಯಿ ಎರಡಾಯಿತು, ಆಮೇಲೆ ನೀರಿಗೆ ಬಿದ್ದ ಎಣ್ಣೆಯಂತೆ ಹರಡಿಕೊಂಡಿತು.

"ರೀ" ಎಂದು ಕೂಗಿದಳು. ಕೂಗಿದೆ ಎಂದುಕೊಂಡಳು ಅಷ್ಟೇ; ಒಣಗಿದ ಗಂಟಲಿನಿಂದ ದನಿ ಹೊರಟಿರಲಿಲ್ಲ.

ಗಂಡನಿಗೆ ಕೇಳಿಸಿದ್ದು ಬ್ರಷ್ಷಿನ ಸದ್ದು ನಿಂತದ್ದು. ಬಗ್ಗಿ ನೋಡಿದ. ಹೆಂಡತಿ ಗೋಡೆಗೆ ಒರಗಿ ಕುಸಿದಿದ್ದಾಳೆ, ತಲೆ ಎದೆಯ ಮೇಲೆ ಬಿದ್ದಿದೆ, ಕಾಲು ಆ ಕೊಳಕು ನೀರಿನಲ್ಲಿ ಚಾಚಿಕೊಂಡಿದೆ. ಇಳಿಯೋಣವೆಂದು ಕಾಲು ಬಿಟ್ಟ, ಹೊಟ್ಟೆ ಸಿಕ್ಕಿಕೊಂಡಿತು. ಆ ಗಳಿಗೆಯಲ್ಲಿ ತನ್ನ ಹೊಟ್ಟೆಯ ಮೇಲೆ ಅವನಿಗೆ ಹುಟ್ಟಿದ ಅಸಹ್ಯ ಇಷ್ಟಿಷ್ಟಲ್ಲ. ಕಷ್ಟಪಟ್ಟು ಹೊರಬಂದು, ಹಗ್ಗ ಹಿಡಿದು, "ಯಾರಾದ್ರೂ ಬನ್ರಪ್ಪೋ" ಎಂದು ಕೂಗಿದ. ಹಾಸ್ಟೆಲಿನ ಅಡುಗೆಯವನೂ ಕಾವಲುಗಾರನೂ ಮೆಟ್ಟಿಲೇರಿ ಓಡಿಬಂದರು. ಮೂವರೂ ಸೇರಿ ಎಳೆದರು. ಪ್ರಜ್ಞೆಯಿಲ್ಲದ ಮೈ ಓರೆಯಾಗುವುದನ್ನು ಮರೆತಿತ್ತು. ಭುಜಗಳು ಸಿಮೆಂಟಿಗೆ ಉಜ್ಜಿ ಸುಲಿದು ರಕ್ತ ಬಂದ ಮೇಲೆಯೇ ಅವಳು ಬಿಸಿಲಿಗೆ ಬಂದದ್ದು.

ಅಡುಗೆಯವನು ಚೊಂಬಿನಲ್ಲಿ ನೀರು ತಂದು ತುಟಿಗಿಟ್ಟ. ಹಲ್ಲಿಗೆ ಅರೆಬರೆ ಎಚ್ಚರ ಬಂದಿತ್ತು. ಚೊಂಬು ಕಂಡದ್ದೇ ಮುಖ ಕಿವುಚಿ, ಹಲ್ಲು ಕಚ್ಚಿ ತಲೆ ತಿರುಗಿಸಿದಳು.

"ಇದೇನಪ್ಪ! ಜೀವ ಹೋಗೋ ಹೊತ್ತಲ್ಲಿ ಈ ಜಂಭ!" ಎಂದ ಅವನು.

"ಜಂಭ ಅಲ್ಲ ಕಣಯ್ಯ, ಹೇಸಿಗೆ" ಎನ್ನುತ್ತ ಗಂಡ ಅವಳ ದವಡೆ ಹಿಡಿದು ಬಾಯಿ ತೆರೆಸಿ ಸುರಿದ. ಅವಳು ಅಷ್ಟನ್ನೂ ಅವನ ಅಂಗಿಯ ಮೇಲೆಯೇ ಕಕ್ಕಿದಳು.

ಕಣ್ಣು ಬಿಟ್ಟಾಗ ಆಸ್ಪತ್ರೆಯ ಮಂಚದ ಮೇಲಿದ್ದಳು. ಕೈಗೆ ಸೂಜಿ, ಸೂಜಿಗೆ ನಳಿಕೆ, ನಳಿಕೆಯ ತುದಿಯಲ್ಲಿ ತಲೆಕೆಳಗಾಗಿ ನೇತಾಡುವ ಬಾಟಲಿ. ಬಾಟಲಿಯಿಂದ ತೊಟ್ಟು ತೊಟ್ಟಾಗಿ ಏನೋ ಇಳಿಯುತ್ತಿತ್ತು.

"ಏನದು?" ಎಂದು ಡಾಕ್ಟರಮ್ಮನನ್ನು ಕೇಳಿದಳು.

"ನೀರು. ಒಂಚೂರು ಉಪ್ಪು ಹಾಕಿರೋ ನೀರು."

ಹಲ್ಲಿ ಸೂಜಿ ಕಿತ್ತುಕೊಳ್ಳಲು ಕೈ ಹಾಕಿದಳು. ನರ್ಸು ಹಿಡಿದುಕೊಂಡಳು. ಬಾಯಿ ಮುಚ್ಚಿದರೆ ಇವರು ನರದಲ್ಲೇ ಬಿಡುತ್ತಾರಲ್ಲ! ಎಲ್ಲಿಯ ನೀರೋ, ಯಾವ ತೊಟ್ಟಿಯದೋ! ಈಗ ಅದು ತನ್ನ ರಕ್ತದಲ್ಲಿ ಸುತ್ತುತ್ತಿದೆ ಎಂದು ನೆನೆದರೆ ಚರ್ಮ ಕಳಚಿ ಒಗೆಯೋಣ ಎನ್ನಿಸಿತು.

ಡಾಕ್ಟರಮ್ಮ ಮುಲಾಜಿಲ್ಲದ ಹೆಂಗಸು. ಮಂಚದ ತುದಿಯಲ್ಲಿ ಕೂತು ಹೇಳಿದರು: "ನೋಡಮ್ಮ, ನಿನಗೆ ನೀರು ಕಂಡ್ರೆ ಆಗಲ್ಲವಂತೆ, ನಿಮ್ಮ ನಾದಿನಿ ಎಲ್ಲ ಹೇಳಿದ್ರು. ನೀನೇ ಅರ್ಧಕ್ಕಿಂತ ಹೆಚ್ಚು ನೀರು ಗೊತ್ತಾ? ರಕ್ತ ಹರಿಯೋದು ನೀರಿಂದ, ತಿಂದದ್ದು ಮೈಗೆ ಹತ್ತೋದು ನೀರಿಂದ. ಮೈ ಬಿಸಿಯಾದ್ರೆ ಬೆವರು ಬರುತ್ತೆ, ಆ ಬೆವರು ಆರುವಾಗ ಬಿಸಿಯನ್ನ ಹೊತ್ಕೊಂಡು ಹೋಗುತ್ತೆ. ನಿನ್ನ ಮೈಯಲ್ಲಿ ಬೆವರೋದಕ್ಕೂ ನೀರಿರಲಿಲ್ಲ. ಒಳಗೇ ಬೇಯ್ತಾ ಇದ್ದೆ. ಇನ್ನು ಸ್ವಲ್ಪ ತಡವಾಗಿದ್ರೆ ನಿನ್ನ ಗಂಡ ಹೆಣ ಎಳೀಬೇಕಿತ್ತು. ಇನ್ನೊಂದು ವಿಷಯ. ಎಡಗಡೆ ಕಿಡ್ನಿಯಿಂದ ಒಂದು ಕಲ್ಲು ಜಾರಿ ಕೆಳಗಿಳೀತಿದೆ. ಚಿಕ್ಕದೇ, ತಾನಾಗೇ ಬೀಳುತ್ತೆ. ಆದರೆ ಬೀಳೋವಾಗ ನೀನು ದೇವರನ್ನ ಕರೀತೀಯ."

ದೇವರನ್ನೂ ಕರೆದಳು, ಸತ್ತ ತಾಯಿಯನ್ನೂ ಕರೆದಳು, ಗಂಡನನ್ನು ಬಾಯಿಗೆ ಬಂದಂತೆ ಬೈದಳು. ಹೆರಿಗೆಯ ನೋವು ಇದರ ಮುಂದೆ ಏನೂ ಅಲ್ಲ ಎಂದು ಪಕ್ಕದ ಮಂಚದಾಕೆ ಹೇಳಿದ್ದು ಸುಳ್ಳಾಗಿರಲಿಲ್ಲ. ನರ್ಸು ಒಂದು ಸಣ್ಣ ಜರಡಿ ಕೊಟ್ಟು, ಅದರ ಮೂಲಕವೇ ಉಚ್ಚೆ ಹೊಯ್ಯಬೇಕು, ಕಲ್ಲು ಬಿದ್ದರೆ ಹಿಡಿದಿಡಬೇಕು ಎಂದಿದ್ದಳು. ಕೊನೆಗೊಮ್ಮೆ ಗೋಡೆ ಹಿಡಿದು ನಿಂತು, ಬೆನ್ನೆಲ್ಲ ನಡುಗುತ್ತಿರುವಾಗ ಜರಡಿಯಲ್ಲಿ ಟಿಕ್ಕೆಂದು ಏನೋ ಬಿತ್ತು.

ಅವಳು ಅದನ್ನು ಕಿಟಕಿಯ ಬೆಳಕಿಗೆ ತಂದಳು. ಅಕ್ಕಿಯ ನುಚ್ಚಿನಷ್ಟು. ಕಂದು ಬಣ್ಣ, ಮೈತುಂಬ ಮುಳ್ಳು. ಬೆರಳಿನಿಂದ ಹೊರಳಿಸಿದಾಗ ಗೊತ್ತಾಯಿತು, ಇದು ಅವಳಿಗೆ ಹೊಸದಲ್ಲ. ಗಡಸು ನೀರಿನ ಟ್ಯಾಂಕಿಗಳಲ್ಲಿ ನೀರು ಇಳಿದುಹೋದ ಕಡೆ, ಪೈಪಿನ ಬಾಯಿಯ ಸುತ್ತ ಹೀಗೆಯೇ ಹಕ್ಕಳೆ ಕಟ್ಟಿರುತ್ತದೆ. ಉಳಿ ಹಚ್ಚಿ ಎಬ್ಬಿಸಿದರೆ ಇಂಥವೇ ಚೂರುಗಳು ಸಿಡಿಯುತ್ತವೆ.

ಸಂಜೆ ನೋಡಲು ಬಂದ ನಾದಿನಿಯ ಮುಂದೆ ಜರಡಿ ಹಿಡಿದಳು. "ಇದು ನನ್ನೊಳಗಿತ್ತು."

ನಾದಿನಿ ಕನ್ನಡಕ ಏರಿಸಿ ನೋಡಿದಳು. "ಹೂಂ. ನಾವು ತಿಂದದ್ದರಲ್ಲಿ ಬೇಡದ್ದೆಲ್ಲ ನೀರಲ್ಲಿ ಕರಗಿ ಹೊರಗೆ ಹೋಗಬೇಕು ಅತ್ತಿಗೆ. ನೀರೇ ಸಾಲದಿದ್ರೆ ಕರಗಿದ್ದು ಅಲ್ಲೇ ಕೂತು ಗಟ್ಟಿಯಾಗುತ್ತೆ. ಅದು ಎಲ್ಲಾನೂ ಹೊತ್ಕೊಳ್ಳುತ್ತೆ ಅಂತ ಹೇಸ್ತಿದ್ರಲ್ಲ, ಹೊತ್ಕೊಂಡು ಹೋಗಲಿ ಅಂತಾನೇ ಕುಡಿಯೋದು."

"ಅಂದ್ರೆ ನಾನೇ ಒಂದು ತೊಳೀದೇ ಬಿಟ್ಟಿರೋ ಟ್ಯಾಂಕಿ."

"ನಾನು ಹಾಗಂದಿಲ್ಲ."

"ನಾನೇ ಅಂತಿದ್ದೀನಿ. ಥೂ!"

ಇಷ್ಟು ದಿನ ಊರವರ ಕೊಳೆ ನೆನೆದು ಬಂದ ವಾಕರಿಕೆ ಇದರ ಮುಂದೆ ಏನೂ ಅಲ್ಲ. ತನ್ನೊಳಗೆ ಎಲ್ಲೆಲ್ಲಿ ಇನ್ನೂ ಹೀಗೆ ಹಕ್ಕಳೆ ಕಟ್ಟಿದೆಯೋ, ಯಾವ ಮೂಲೆಯಲ್ಲಿ ಲೋಳೆಯಿದೆಯೋ, ಅಲ್ಲಿಗೆ ಬ್ರಷ್ಷು ಹಿಡಿದು ಯಾರೂ ಇಳಿಯುವಂತಿಲ್ಲ. ಅವಳು ತನ್ನ ಕೈಯನ್ನೇ ನೋಡಿಕೊಂಡಳು. ಒಣಗಿ ಸುಕ್ಕಾದ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟರೆ ಅದು ಎತ್ತಿದ ಹಾಗೆಯೇ ನಿಂತಿತ್ತು. ಅದೇ ಕೈ ಚಾಚಿ, "ಒಂದು ಲೋಟ ನೀರು ಕೊಡು" ಎಂದಳು.

ನಾದಿನಿ ಆಸ್ಪತ್ರೆಯ ಹೂಜಿಯಿಂದ ಬಗ್ಗಿಸಿ ಕೊಟ್ಟಳು. ಹಲ್ಲಿ ಅದನ್ನು ಬೆಳಕಿಗೆ ಹಿಡಿಯಲಿಲ್ಲ. ಎಡಗೈಯಲ್ಲಿ ಮೂಗು ಹಿಡಿದು, ಕಣ್ಣು ಗಟ್ಟಿಯಾಗಿ ಮುಚ್ಚಿ ಗಟಗಟನೆ ಸುರಿದುಕೊಂಡಳು. ಪ್ಲಾಸ್ಟಿಕ್ಕಿನ ವಾಸನೆ, ಬ್ಲೀಚಿಂಗ್ ಪುಡಿಯ ಘಾಟು, ಹೂಜಿಯ ಮುಗ್ಗಲು, ಎಲ್ಲವೂ ಬಂತು. ಒಮ್ಮೆ ವಾಪಸ್ಸೂ ಬಂದಿತು. ತುಟಿ ಬಿಗಿಹಿಡಿದು ಮತ್ತೆ ನುಂಗಿದಳು. ಮೈ ಜುಮ್ಮೆಂದಿತು. "ಇನ್ನೊಂದು" ಎಂದು ಲೋಟ ಚಾಚಿದಳು. ನಾದಿನಿಯ ಕಣ್ಣು ತುಂಬಿತು. "ಅಳೋದೇನಿದೆ? ಹೇಸಿಗೆ ಇರೋದು ನನಗೆ" ಎಂದಳು ಹಲ್ಲಿ.

ಆಮೇಲೆ ಅವಳು ಸರಿಹೋದಳು ಎಂದರೆ ಪೂರ್ತಿ ನಿಜವಲ್ಲ. ಮೈ ಸರಿಹೋಯಿತು. ತುಟಿ ಕೂಡಿತು, ಬೆವರು ಬಂತು, ಸೊಂಟದ ಚಿವುಟು ನಿಂತಿತು. ಹೇಸಿಗೆ ಮಾತ್ರ ಇದ್ದಲ್ಲೇ ಇತ್ತು. ನೀರನ್ನು ಅವಳು ಎಂದೂ ಸುಖಪಟ್ಟು ಕುಡಿಯಲಿಲ್ಲ. ಔಷಧಿಯಂತೆ, ಬೈದುಕೊಳ್ಳುತ್ತ ಕುಡಿದಳು. ಮನೆಯಲ್ಲಿ ಕಾಯಿಸಿ ಆರಿಸಿದ್ದನ್ನು ತಾನೇ ತಿಕ್ಕಿದ ಬಾಟಲಿಗೆ ತುಂಬಿ ಎಲ್ಲಿ ಹೋದರೂ ಹೊತ್ತೊಯ್ಯುವಳು. ತಾರಸಿ ಹತ್ತಿದ ಮೇಲೆ ಗಂಡ, "ಕುಡಿದ್ಯಾ?" ಎಂದು ಕೇಳದೆ ಹಗ್ಗ ಬಿಡುತ್ತಿರಲಿಲ್ಲ. "ಕುಡಿದೆ, ಕುಡಿದೆ, ಸಾಯಲಿ" ಎಂದು ಅವಳು ಮುಖ ಸಿಂಡರಿಸಿಕೊಂಡೇ ಇಳಿಯುವಳು. ತಾನು ಹೊಟ್ಟೆ ಕರಗಿಸುತ್ತೇನೆ ಎಂದು ಅವನು ಸುಲಿದ ಅವಳ ಭುಜ ಮುಟ್ಟಿ ಆಣೆ ಮಾಡಿದ್ದ. ಹೊಟ್ಟೆ ಕರಗಲಿಲ್ಲ. ಆದರೆ ಪ್ರತಿಸಲ ಟ್ಯಾಂಕಿಯ ಬಾಯಿಗೆ ಒಮ್ಮೆ ಕಾಲು ಬಿಟ್ಟು, ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ನೋಡುವುದನ್ನು ರೂಢಿ ಮಾಡಿಕೊಂಡ.

ಮುಂದಿನ ಬೇಸಿಗೆಯಲ್ಲಿ ಅವರು ಒಂದು ಹೊಸ ಕಟ್ಟಡಕ್ಕೆ ಹೋದರು. ಗೋಡೆಗೆಲ್ಲ ನುಣ್ಣನೆಯ ಕಲ್ಲು, ಮೆಟ್ಟಿಲಿಗೆ ಹೊಳೆಯುವ ಕಂಬಿ. ಅವತ್ತು ದಾರಿಯಲ್ಲಿ ಬಾಟಲಿ ಉರುಳಿಬಿದ್ದು ಒಡೆದುಹೋಗಿತ್ತು. ಟ್ಯಾಂಕಿಗೆ ಇಳಿಯುವ ಮೊದಲು ನೀರು ಕುಡಿಯಲೇಬೇಕು. ಕಟ್ಟಡದ ಉಸ್ತುವಾರಿ ನೋಡುತ್ತಿದ್ದ ಯಜಮಾನರ ಬಾಗಿಲು ತಟ್ಟಿದಳು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪೌಡರಿನ ಪರಿಮಳ.

"ಸಾರ್, ಕುಡಿಯೋಕೆ ಸ್ವಲ್ಪ ನೀರು."

ಅವರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹಳೆಯ ಅಂಗಿ, ಮೊಣಕಾಲವರೆಗೆ ಮಡಿಸಿದ ಪ್ಯಾಂಟು, ಕೈಯಲ್ಲಿ ಬ್ರಷ್ಷು. "ಅಲ್ಲೇ ನಿಂತ್ಕೋ" ಎಂದು ಒಳಹೋಗಿ, ಪ್ಲಾಸ್ಟಿಕ್ ಮಗ್ಗೊಂದರಲ್ಲಿ ನೀರು ತಂದು ಹೊಸ್ತಿಲಿನ ಆಚೆ ನೆಲದ ಮೇಲಿಟ್ಟು ಹಿಂದೆ ಸರಿದರು.

ಹಲ್ಲಿ ಎತ್ತಿಕೊಂಡಳು. ಬಚ್ಚಲಿನ ಮಗ್ಗು. ಅಂಚಿಗೆ ಸೋಪಿನ ಬೂದುಬಣ್ಣದ ಜಿಡ್ಡು, ಹಿಡಿಯ ಬಳಿ ಒಂದು ಕೂದಲು ಅಂಟಿಕೊಂಡಿದೆ.

"ನೀವು ಇದರಲ್ಲಿ ಕುಡೀತೀರಾ ಸಾರ್?"

"ನಾವ್ಯಾಕೆ ಕುಡೀತೀವಿ? ಅದು ಕೆಲಸದವರಿಗೆ ಅಂತ ಬೇರೆ ಇಟ್ಟಿರೋದು."

ಅವರು ಕೋಪದಿಂದ ಹೇಳಲಿಲ್ಲ, ಮಾಮೂಲಿನಂತೆ ಹೇಳಿದರು. ಮೂಗಿನ ಹೊಳ್ಳೆ ಮಾತ್ರ ಸ್ವಲ್ಪ ಮೇಲೆ ಎಳೆದುಕೊಂಡಿತ್ತು. ಹಲ್ಲಿಗೆ ಆ ಮೂಗಿನ ಗುರುತು ಚೆನ್ನಾಗಿತ್ತು. ಲೋಟ ಕಂಡಾಗ ತನ್ನ ಮೂಗು ಏಳುತ್ತಿದ್ದುದು ಥೇಟು ಹಾಗೆಯೇ. ಇವರ ನೀರು ತನಗೆ ಹೇಸಿಗೆ. ಇವರಿಗೆ ತಾನೇ ಹೇಸಿಗೆ.

ಅವಳು ಮಗ್ಗನ್ನು ಹೊಸ್ತಿಲಿನ ಮೇಲೆ ಇಟ್ಟಳು.

"ಸಾರ್, ನಾನೀಗ ನಿಮ್ಮ ಟ್ಯಾಂಕಿ ಒಳಗೆ ಇಳೀತೀನಿ. ಈ ಕಾಲು, ಈ ಕೈ, ಈ ತಲೆಕೂದಲು ಎಲ್ಲಾ ಇಳಿಯುತ್ತೆ. ಬಿಸಿಲಿದೆ, ಚೆನ್ನಾಗಿ ಬೆವರ್ತೀನಿ. ಗೋಡೆ ಪೂರ್ತಿ ಕೈಯಲ್ಲೇ ಸವರ್ತೀನಿ. ತೊಳೆದು ಮೇಲೆ ಬಂದ ಮೇಲೆ ನೀವು ನೀರು ಬಿಡ್ತೀರ. ಸಂಜೆ ಅದನ್ನ ನಿಮ್ಮ ಸ್ಟೀಲ್ ಲೋಟದಲ್ಲಿ ಕುಡೀತೀರ."

ಯಜಮಾನರ ಮುಖದ ಬಣ್ಣ ಇಳಿಯುತ್ತ ಹೋಯಿತು. ಈ ವಿಚಾರ ಅವರಿಗೆ ಇದುವರೆಗೆ ಹೊಳೆದಿರಲಿಲ್ಲವೆಂದು ಕಾಣುತ್ತದೆ. ಕರ್ಚೀಫು ತೆಗೆದು ಬಾಯಿಗೆ ಒತ್ತಿಕೊಂಡರು.

"ಬೇಡ... ಇವತ್ತು ಬೇಡ ಬಿಡಿ. ನಾವು ಬೇರೆಯವರನ್ನ ಕರೆಸ್ಕೋತೀವಿ."

"ಕರೆಸಿ ಸಾರ್. ಅವರಿಗೂ ಮೈ ಇರುತ್ತೆ."

ಬಾಗಿಲು ಮುಚ್ಚಿಕೊಂಡಿತು. ಒಳಗೆ ಬಚ್ಚಲಿನ ನಲ್ಲಿ ಜೋರಾಗಿ ಬಿಟ್ಟ ಸದ್ದು, ಅದರ ಜೊತೆಗೆ ಓಕರಿಸುವ ಸದ್ದು. ಗಂಡ ಮೆಟ್ಟಿಲ ಮೇಲೆ ಹಗ್ಗ ಹೆಗಲಿಗೆ ಹಾಕಿಕೊಂಡು ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಕೈಗೆ ಬಂದ ಕೆಲಸ ಹೋಯಿತಲ್ಲ ಎಂದು ರೇಗಲು ಬಾಯಿ ತೆರೆದವನು ಹೆಂಡತಿಯ ಮುಖ ನೋಡಿ ಪಂಪಿಗೆ ಕೈ ಹಾಕಿದ. ಅದನ್ನು ಹೊತ್ತು ಇಬ್ಬರೂ ಇಳಿದರು.

ಬೀದಿಯ ಮೂಲೆಯಲ್ಲಿ ಒಂದು ಕೊಳಾಯಿ ಇತ್ತು. ಬುಡದಲ್ಲಿ ಪಾಚಿ, ಬಾಯಿಗೆ ಸುತ್ತಿದ ಹರಕು ಬಟ್ಟೆ. ಹಲ್ಲಿ ಅದರ ಮುಂದೆ ನಿಂತು ಬಟ್ಟೆಯನ್ನು ನೋಡಿದಳು. ಯಾವ ಕಾಲದ್ದೋ, ಏನು ಒರೆಸಿದ್ದೋ. "ಅಬ್ಬಾ, ಇದರ ಹೊಲಸು ನೋಡ್ರಿ" ಎಂದಳು.

"ಬೇಡ ಬಿಡು, ಮನೇಲಿ ಕುಡಿಯುವಂತೆ."

"ಮನೆ ತಲುಪೋಷ್ಟರಲ್ಲಿ ತಲೆ ಸುತ್ತುತ್ತೆ. ಆಮೇಲೆ ಎತ್ಕೊಂಡು ಹೋಗೋರು ಯಾರು, ನೀವಾ?"

ಅವಳು ನಲ್ಲಿ ತಿರುಗಿಸಿ, ಮೊದಲು ಒಂದಿಷ್ಟು ಹರಿಯಬಿಟ್ಟು, ಬೊಗಸೆಯೊಡ್ಡಿದಳು. ಮೂಗು ಹಿಡಿಯಲು ಕೈ ಬಿಡುವಿರಲಿಲ್ಲ. ಗಂಡ ಪಕ್ಕಕ್ಕೆ ಬಂದು, ಎರಡು ಬೆರಳಿನಿಂದ ಅವಳ ಮೂಗು ಹಿಡಿದುಕೊಂಡ. ದಾರಿಹೋಕರು ನೋಡಿ ನಕ್ಕರು. ಅವಳು ಕುಡಿಯುತ್ತಲೇ ಇದ್ದಳು.